ಹತ್ತನೇ ದಿನ ಏನೂ ಉಳಿದಿಲ್ಲ

ಈಗ ಕೆಲಸಕ್ಕೆ ಸೇರುವ ಮೇಷ್ಟ್ರುಗಳು, ಮೇಡಂಗಳು ಪಾಠ ಟಿಪ್ಪಣಿ ಪುಸ್ತಕವನ್ನು ಹೇಗೆ ಬರೆಯುತ್ತಾರೋ ನನಗೆ ಗೊತ್ತಿಲ್ಲ. ನಮ್ಮ ಕಾಲದಲ್ಲಿ ಅದಕ್ಕೆ ಐದು ಕಾಲಂ ಇರುತ್ತಿದ್ದವು. ದಿನಾಂಕ, ವಿಷಯ, ಉದ್ದೇಶ, ಉಪಕರಣ, ಮಕ್ಕಳಿಗೆ ತಿಳಿದದ್ದು. ನಾನು ರೂಲುದೊಣ್ಣೆ ಇಟ್ಟು ಆರನೆಯದೊಂದನ್ನು ಎಳೆದುಕೊಳ್ಳುತ್ತಿದ್ದೆ. ಅದರ ತಲೆಯ ಮೇಲೆ ‘ಹೆದರಿಕೆ’ ಎಂದು ಬರೆದಿರುತ್ತಿದ್ದೆ.

ಜಯನಗರದ ಒಂದು ಶಾಲೆಗೆ ವರ್ಗವಾಗಿ ಬಂದ ವರ್ಷ ತಪಾಸಣೆಗೆ ಬಂದ ಇನ್‌ಸ್ಪೆಕ್ಟರ್ ಅದರ ಮೇಲೆ ಬೆರಳಿಟ್ಟರು.

“ಏನ್ರೀ ಇದು? ಮಕ್ಕಳು ನಿಮಗೆ ಹೆದರ್ತಾರೋ, ನೀವು ಮಕ್ಕಳಿಗೆ ಹೆದರ್ತೀರೋ?”

“ಎರಡೂ ಸಾರ್” ಎಂದೆ.

ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ಇನ್‌ಸ್ಪೆಕ್ಟರ್ ಕೆಂಪು ಶಾಯಿಯಲ್ಲಿ ‘ಅನಗತ್ಯ’ ಎಂದು ಬರೆದು ಸಹಿ ಹಾಕಿದರು. ಮುಂದಿನ ಸೋಮವಾರ ನಾನು ಮತ್ತೆ ಆರು ಕಾಲಂ ಎಳೆದೆ. ನಿವೃತ್ತಿಯಾಗುವ ವಾರದ ತನಕ ಎಳೆದೆ. ಯಾಕೆಂದು ಯಾರಿಗೂ ಹೇಳಿರಲಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಹೇಳಬೇಕಾದ್ದು ನನ್ನಲ್ಲಿ ಏನಾದರೂ ಇದ್ದರೆ ಅದೊಂದೇ.

ನನಗೆ ಮೊದಲು ಕೆಲಸ ಸಿಕ್ಕಿದ್ದು ಅರವತ್ತರ ದಶಕದ ಆರಂಭದಲ್ಲಿ, ಬನಶಂಕರಿ ದೇವಸ್ಥಾನವನ್ನು ದಾಟಿ ಉತ್ತರಹಳ್ಳಿಯ ದಿಕ್ಕಿಗೆ ಹೋದರೆ ಸಿಗುತ್ತಿದ್ದ ಒಂದು ಹಳ್ಳಿಯಲ್ಲಿ. ಜಯನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಅಲ್ಲಿಂದ ಶಾಲೆಗೆ ಸೈಕಲ್ಲಿನಲ್ಲಿ ಐದು ಮೈಲಿ. ವಯಸ್ಸು ಇಪ್ಪತ್ತೆರಡು. ಎಲ್ಲವನ್ನೂ ಎಣಿಸಿ ಡೈರಿಯಲ್ಲಿ ಬರೆಯುವ ಅಭ್ಯಾಸ ಆಗಲೇ ಅಂಟಿತ್ತು. ಇಂದು ಎಷ್ಟು ಮಕ್ಕಳು ಪ್ರಶ್ನೆ ಕೇಳಿದರು, ಎಷ್ಟು ಮಕ್ಕಳು ಆಕಳಿಸಿದರು, ಸೈಕಲ್ ಎಷ್ಟು ಸಲ ಪಂಚರ್ ಆಯಿತು. ಆ ಡೈರಿಗಳು ಈಗಲೂ ನನ್ನ ಬಳಿ ಇವೆ. ಇಲ್ಲಿ ಮುಂದೆ ಹೇಳುವ ದಿನಗಳು, ಲೆಕ್ಕಗಳು ಅವುಗಳಿಂದಲೇ ತೆಗೆದವು.

ಶಾಲೆಗೆ ಎರಡೇ ಕೋಣೆ, ಇಬ್ಬರೇ ಮೇಷ್ಟ್ರು. ಹೆಡ್‌ಮೇಷ್ಟ್ರು ಪಂಚೆ, ಮುಚ್ಚು ಕೋಟು, ಪೇಟದ ಹಿರಿಯರು. ನನಗೆ ಮೂರು ಮತ್ತು ನಾಲ್ಕನೇ ತರಗತಿ, ಒಟ್ಟು ಮೂವತ್ತಾರು ಮಕ್ಕಳು.

ಟ್ರೈನಿಂಗಿನಲ್ಲಿ ನಮಗೆ ಕೊಟ್ಟ ಬಣ್ಣದ ಪಟವೊಂದಿತ್ತು. ಮೊಟ್ಟೆ, ಮರಿ, ಕೋಶ, ಚಿಟ್ಟೆ. ಅದನ್ನು ಗೋಡೆಗೆ ತೂಗುಹಾಕಿ ಪಾಠ ಮಾಡಿದೆ. ಮಕ್ಕಳು ಮಗ್ಗಿ ಹೇಳಿದ ಹಾಗೆ ರಾಗವಾಗಿ ಒಪ್ಪಿಸಿದರು. ಕೊನೆಯಲ್ಲಿ ಒಬ್ಬ, “ಸಾ, ಆ ಚಿಟ್ಟೆ ಯಾವತ್ತೂ ಪಟದಾಗೇ ಇರ್ತದಾ?” ಎಂದ. ಅಂದಿನ ಡೈರಿಯಲ್ಲಿ ‘ಪ್ರಶ್ನೆ: ಒಂದು. ಪಾಠ ವಿಫಲ’ ಎಂದಿದೆ. ಆಮೇಲೆ ಕಪ್ಪೆಮರಿಗಳನ್ನು ಕುಡಿಕೆಯಲ್ಲಿ ತಂದಿಟ್ಟೆ. ಶನಿವಾರ ಮುಚ್ಚಳ ಮುಚ್ಚಿ ಹೋದವನು ಸೋಮವಾರ ತೆಗೆದಾಗ ವಾಸನೆಗೆ ಇಬ್ಬರು ವಾಂತಿ ಮಾಡಿಕೊಂಡರು. ಆದರೂ ನನ್ನ ಹಟ ಹೋಗಲಿಲ್ಲ. ಮಕ್ಕಳು ಕಣ್ಣಾರೆ ನೋಡಬೇಕು, ದಿನ ದಿನವೂ ನೋಡಬೇಕು, ಎಣಿಸಬೇಕು.

ದಸರಾ ರಜೆ ಮುಗಿದ ಮೇಲೆ ನಮ್ಮ ಕೋಣೆಯ ಕಿಟಕಿ ಚೌಕಟ್ಟಿನಲ್ಲಿ ಒಂದು ಕುಂಬಾರ ಹುಳ ಗೂಡು ಕಟ್ಟತೊಡಗಿತು. ಗುಂಪಿನಲ್ಲಿರುವ ಕಣಜವಲ್ಲ ಅದು. ಒಂಟಿಯಾಗಿ ಬಾವಿಯ ಬಳಿಯ ಒದ್ದೆ ಮಣ್ಣು ತಂದು ಪುಟ್ಟ ಮಡಕೆಯಂಥ ಗೂಡು ಮಾಡುವ ಜಾತಿ. ನನಗೆ ಚಿಕ್ಕಂದಿನಿಂದ ಕಣಜ ಕಂಡರೆ ಆಗದು. ಅದು ಕಿವಿಯ ಹತ್ತಿರ ಹಾದರೆ ಬೆನ್ನು ತಣ್ಣಗಾಗುತ್ತಿತ್ತು. ಆದರೆ ಇಂಥ ಪಾಠ ತಾನಾಗಿ ಕಿಟಕಿಗೆ ಬಂದಿರುವಾಗ ಬಿಡುವುದು ಹೇಗೆ?

ಆ ಊರಿನ ಮಕ್ಕಳಿಗೆಲ್ಲ ಒಂದು ಕಥೆ ಗೊತ್ತಿತ್ತು. ಹೆಡ್‌ಮೇಷ್ಟ್ರೂ ಅದನ್ನೇ ಹೇಳುತ್ತಿದ್ದರು. ಕಣಜ ಹಸಿರು ಹುಳವನ್ನು ಹಿಡಿದು ತಂದು ಗೂಡಿನಲ್ಲಿ ಮುಚ್ಚುತ್ತದೆ. ಹೊರಗೆ ಗುಂಯ್‌ಗುಟ್ಟುತ್ತಾ ಸುತ್ತುತ್ತದೆ. ಒಳಗಿನ ಹುಳ ಹೆದರಿ ಹೆದರಿ, ಅದನ್ನೇ ನೆನೆದು ನೆನೆದು, ಕೊನೆಗೆ ತಾನೂ ಕಣಜವಾಗಿ ಹಾರಿಹೋಗುತ್ತದೆ.

“ಅದು ಕಥೆ. ನಿಜ ಏನು ಅಂತ ನಾನು ತೋರಿಸ್ತೀನಿ” ಎಂದೆ.

ಸೋಮವಾರ ಬೆಳಗ್ಗೆ, ಆಗ ತಾನೆ ಬಾಯಿ ಮುಚ್ಚಿದ್ದ ಒಂದು ಗೂಡಿನ ಪಕ್ಕವನ್ನು ಬ್ಲೇಡಿನಿಂದ ಕೆರೆದು ತೆಗೆದೆ. ಒಡೆದ ಫೋಟೋದ ಗಾಜಿನ ಚೂರನ್ನು ಮೈದಾ ಅಂಟಿನಿಂದ ಅದಕ್ಕೆ ಕಿಟಕಿಯಂತೆ ಅಂಟಿಸಿದೆ. ಒಳಗೆ ಒಂಬತ್ತು ಹಸಿರು ಹುಳಗಳಿದ್ದವು. ಮಕ್ಕಳು ಅವರೆಕಾಯಿ ಬಿಡಿಸುವಾಗ ಕಾಣುವಂಥವೇ. ಅವುಗಳ ಮೇಲೆ ನೂಲಿನಿಂದ ತೂಗುಬಿಟ್ಟಂತೆ ಒಂದು ಮೊಟ್ಟೆ. ಗೋಡೆಗೆ ಕಂದು ಕಾಗದ ಅಂಟಿಸಿ ‘ಒಂದನೇ ದಿನ: ಮೊಟ್ಟೆ ಒಂದು, ಹುಳ ಒಂಬತ್ತು’ ಎಂದು ಬರೆದೆ. ಪ್ರತಿದಿನ ಗಾಜಿನೊಳಗೆ ನೋಡಿ ಹುಳ ಎಣಿಸಿ ಹೇಳುವ ಕೆಲಸವನ್ನು ನಾಲ್ಕನೇ ತರಗತಿಯ ಸಾಕಮ್ಮನಿಗೆ ಕೊಟ್ಟೆ. ಒಂಬತ್ತು ವರ್ಷದ ಸಣಕಲು ಹುಡುಗಿ. ಅಪ್ಪ ಮುನಿಯಪ್ಪನದು ರಾಗಿ ಹೊಲ, ಸ್ವಲ್ಪ ಅವರೆ. ಅವಳ ಎಣಿಕೆ ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

“ಸಾ, ಹುಳ ಸತ್ತವಾ?” ಎಂದು ಅವಳೇ ಕೇಳಿದಳು.

ನಾನು ಹೇಳಿದ ಮಾತು ಡೈರಿಯಲ್ಲಿದೆ. ಹೆಮ್ಮೆಯಿಂದ ಬರೆದುಕೊಂಡಿದ್ದೆ. “ಸತ್ತಿಲ್ಲ. ಸತ್ತರೆ ಕೊಳೆತುಹೋಗುತ್ತವೆ. ಕಣಜ ಚುಚ್ಚಿ ಚುಚ್ಚಿ ಅವಕ್ಕೆ ಅಲ್ಲಾಡಲು ಆಗದ ಹಾಗೆ ಮಾಡಿದೆ, ಅಷ್ಟೆ. ಜೀವ ಇದೆ. ಮೂರನೇ ದಿನ ಮೊಟ್ಟೆ ಒಡೆದು ಮರಿ ಬರುತ್ತದೆ. ಅದು ಇವುಗಳನ್ನು ಜೀವಂತವಾಗಿ ಒಂದೊಂದೇ ತಿನ್ನುತ್ತದೆ.”

ಆ ದಿನದ ಲೆಕ್ಕ: ಪ್ರಶ್ನೆ ಕೇಳಿದವರು ಹದಿನಾಲ್ಕು, ಆಕಳಿಸಿದವರು ಸೊನ್ನೆ. ನನ್ನ ಜೀವಮಾನದ ಅತ್ಯುತ್ತಮ ಪಾಠ ಎಂದುಕೊಂಡು ಸೈಕಲ್ ತುಳಿದೆ. ಮೂವತ್ತಾರು ಮಕ್ಕಳು ಉಸಿರು ಹಿಡಿದು ಕೂತಿದ್ದರು ನಿಜ. ಅದು ಕುತೂಹಲ ಎಂದು ನಾನು ತಿಳಿದೆ.

ಬುಧವಾರ ಮೊಟ್ಟೆ ಒಡೆಯಿತು. ಗುರುವಾರ ಎಂಟು ಹುಳ. ಶುಕ್ರವಾರ ಬೆಳಗ್ಗೆ ಎಂಟು ಎಂದು ಹೇಳಿದ ಸಾಕಮ್ಮ ಮಧ್ಯಾಹ್ನ ಏಳು ಎಂದಳು. ಮರಿಗೆ ಹಸಿವು ಜಾಸ್ತಿ ಎಂದು ಬರೆದುಕೊಂಡೆ. ಅರ್ಧ ದಿನದಲ್ಲಿ ಅಷ್ಟು ಚಿಕ್ಕ ಮರಿ ಒಂದು ಇಡೀ ಹುಳವನ್ನು ಹೇಗೆ ತಿಂದೀತೆಂದು ಯೋಚಿಸಲಿಲ್ಲ. ಅವಳ ಎಡಗೈ ಲಂಗದ ಮಡಿಕೆಯಲ್ಲಿತ್ತು. ಅದನ್ನೂ ನೋಡಲಿಲ್ಲ. ಗಾಜಿನ ಅಂಟು ಒಂದು ಮೂಲೆಯಲ್ಲಿ ಬಿಟ್ಟಿದ್ದನ್ನು ಮಾತ್ರ ನೋಡಿ ಮತ್ತೆ ಅಂಟಿಸಿದೆ.

ಮುಂದಿನ ಬುಧವಾರ ಗೂಡಿನಲ್ಲಿ ಚರ್ಮದ ಚೂರುಗಳು ಮಾತ್ರ ಇದ್ದವು, ನಡುವೆ ಉಬ್ಬಿದ ಹಳದಿ ಮರಿ. ಕಂದು ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ‘ಹತ್ತನೇ ದಿನ: ಏನೂ ಉಳಿದಿಲ್ಲ’ ಎಂದು ಬರೆದು ಮಕ್ಕಳಿಂದ ಗಟ್ಟಿಯಾಗಿ ಓದಿಸಿದೆ. ಗುರುವಾರ ಸಾಕಮ್ಮ ಬರಲಿಲ್ಲ. ಶುಕ್ರವಾರವೂ ಬರಲಿಲ್ಲ. ಅಂದು ಸಂಜೆ ಶಾಲೆ ಬಿಟ್ಟ ಮೇಲೆ ಅವಳ ಮನೆಗೆ ಹೋದೆ.

ಮುನಿಯಪ್ಪ ಬಾಗಿಲಲ್ಲೇ ಕೂತಿದ್ದ. “ಬನ್ನಿ ಮೇಷ್ಟ್ರೇ” ಎಂದ. “ಭಾನುವಾರದಿಂದ ಸರ್ಯಾಗಿ ಉಣ್ತಾ ಇಲ್ಲ. ಮೂರು ದಿನದಿಂದ ಬರೀ ನೀರು. ಮುದ್ದೆ ಬಾಯಿಗಿಟ್ರೆ ಹಲ್ಲು ಕಚ್ಕೋತಾಳೆ. ಗಾಳಿ ಸೋಕೈತೆ ಅಂತ ತಾಯತ ಕಟ್ಟಿಸ್ದೆ. ಡಾಕ್ಟ್ರ ಹತ್ರಕ್ಕೂ ಹೊತ್ಕೊಂಡು ಹೋದೆ. ಮೈಯಲ್ಲಿ ಏನೂ ಇಲ್ಲ, ಆದ್ರೆ ಹಿಂಗೇ ಬಿಟ್ರೆ ಕೂಸು ಉಳಿಯಲ್ಲ ಅಂದ್ರು.”

ಒಳಗೆ ಚಾಪೆಯ ಮೇಲೆ ಅವಳು ಮಲಗಿದ್ದಳು. ತುಟಿ ಒಣಗಿ ಬಿರಿದಿತ್ತು. ಕೈಕಾಲುಗಳನ್ನು ನೆಟ್ಟಗೆ, ಒಂದಿಷ್ಟೂ ಅಲ್ಲಾಡಿಸದೆ ಇಟ್ಟುಕೊಂಡಿದ್ದಳು. ಆ ಭಂಗಿಯನ್ನು ಎಲ್ಲೋ ನೋಡಿದ್ದೇನೆ ಅನಿಸಿತು. ನಮ್ಮ ಗೂಡಿನ ಗಾಜಿನ ಹಿಂದೆ ಎಂದು ಹೊಳೆದಾಗ ಚಾಪೆಯ ಪಕ್ಕ ಕೂತೆ.

“ಸಾ” ಎಂದಳು, ಕಣ್ಣು ತೆರೆಯದೆ. “ಇವತ್ತು ಎಂಟಲ್ವಾ?”

“ಏನಮ್ಮ ಎಂಟು?”

ಅವಳು ಎಡಗೈಯ ತೋರುಬೆರಳನ್ನು ಮಾತ್ರ ಸ್ವಲ್ಪ ಎತ್ತಿದಳು. ಉಗುರಿನ ಪಕ್ಕ ಒಂದು ಕಪ್ಪು ಚುಕ್ಕೆ, ಸುತ್ತ ಇಳಿದುಹೋದ ಬಾವಿನ ಗುರುತು. ಆಮೇಲೆ ತಲೆಯ ಕೆಳಗಿನಿಂದ ಒಂದು ಬೆಂಕಿಪೊಟ್ಟಣ ತೆಗೆಯಲು ಹೇಳಿದಳು. ಒಳಗೆ ಬಾಡಿದ ಅವರೆ ಎಲೆ. ಅದರ ಮೇಲೆ ನಮ್ಮ ಗೂಡಿನ ಒಂದು ಹಸಿರು ಹುಳ.

ಹೋದ ಶುಕ್ರವಾರ ಆಟದ ಬಿಡುವಿನಲ್ಲಿ ಅವಳು ಗಾಜನ್ನು ಎತ್ತಿ ಅದನ್ನು ಬಿಡಿಸಿಕೊಂಡಿದ್ದಳು. ಒಂದಾದರೂ ಉಳಿಯಲಿ ಎಂದು. ಪಕ್ಕದಲ್ಲೇ ಇನ್ನೊಂದು ಗೂಡು ಕಟ್ಟುತ್ತಿದ್ದ ಕಣಜ ಬೆರಳಿಗೆ ಚುಚ್ಚಿತು. ಗೂಡು ಮುಟ್ಟಬೇಡಿ ಎಂದು ನಾನು ಹೇಳಿದ್ದರಿಂದ ಯಾರಿಗೂ ಹೇಳಲಿಲ್ಲ. ಬೆರಳು ಜೋಮು ಹಿಡಿಯಿತು. ಮನೆಯಲ್ಲಿ ಎಂಟು ದಿನದಿಂದ ಆ ಹುಳವನ್ನು ನೋಡಿಕೊಂಡೇ ಇದ್ದಳು. ಅದು ಎಲೆ ತಿನ್ನಲಿಲ್ಲ, ನಡೆಯಲಿಲ್ಲ, ಸಾಯಲೂ ಇಲ್ಲ.

ನಾನು ಪೊಟ್ಟಣವನ್ನು ಬೆಳಕಿಗೆ ಹಿಡಿದೆ. ಹುಳದ ಬಾಯಿಯ ಹತ್ತಿರ ಏನೋ ಸಣ್ಣದಾಗಿ ಮಿಡಿಯಿತು.

“ನಾನು ಉಂಡ್ರೆ ಒಳಗಿರೋದು ದಪ್ಪ ಆಯ್ತದೆ ಸಾ. ಅದ್ಕೆ ಉಣ್ತಾ ಇಲ್ಲ. ಇನ್ನೆರಡು ದಿನ ಅಲ್ವಾ?”

“ಇಲ್ಲಮ್ಮ, ಅದು ಮನುಷ್ಯರ ಮೈಯಲ್ಲಿ ಮೊಟ್ಟೆ ಇಡಲ್ಲ. ಚುಚ್ಚೋದೇ ಬೇರೆ, ಮೊಟ್ಟೆ ಇಡೋದೇ ಬೇರೆ...”

“ಹುಳಕ್ಕೂ ಯಾರೋ ಹಂಗೇ ಅಂದಿರ್ತಾರೆ” ಎಂದಳು. ಸಿಟ್ಟಿಲ್ಲ, ಅಳುವಿಲ್ಲ. ಎಣಿಕೆ ಒಪ್ಪಿಸುವ ದನಿ. “ನೀವೇ ಹೇಳಿದ್ರಲ್ಲ ಸಾ, ಸಾಯಲ್ಲ, ಅಲ್ಲಾಡಕ್ಕಾಗಲ್ಲ ಅಷ್ಟೆ ಅಂತ.”

ನಾನು ಹೇಳಿದ್ದು ಸುಳ್ಳಾಗಿದ್ದರೆ ತಿದ್ದಬಹುದಿತ್ತು. ಅದು ನಿಜವಾಗಿತ್ತು. ಆ ನಿಜವನ್ನು ಒಂಬತ್ತು ವರ್ಷದ ಮಗು ಮನೆಗೆ ಒಯ್ದು ಏನು ಮಾಡಿಕೊಳ್ಳುತ್ತದೆ ಎಂದು ನಾನು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಅಂದು ಸಂಜೆ ಎಷ್ಟು ವಿವರಿಸಿದರೂ ಅವಳು ಬಾಯಿ ತೆರೆಯಲಿಲ್ಲ. ಆ ದಿನದ ಡೈರಿಯ ಪುಟ ಖಾಲಿ ಇದೆ.

ಶನಿವಾರ ಬೆಳಗ್ಗೆ ಏಳಕ್ಕೇ ಶಾಲೆಯ ಬಾವಿಯ ಹತ್ತಿರ ನಿಂತಿದ್ದೆ, ಕೈಯಲ್ಲಿ ಗಾಜಿನ ಲೋಟ. ಕುಂಬಾರ ಹುಳ ಮಣ್ಣು ಉಂಡೆ ಮಾಡಲು ಬಂದರೆ ಮೇಲಿನಿಂದ ಮುಚ್ಚಬೇಕು. ಎರಡು ಸಲ ಬಂತು, ಎರಡು ಸಲವೂ ನಾನೇ ಹಿಂದಕ್ಕೆ ಹಾರಿದೆ. ಮೂರನೆಯ ಸಲಕ್ಕೆ ಕಾಯುತ್ತಿದ್ದಾಗ ಹೆಡ್‌ಮೇಷ್ಟ್ರು ಬಂದು ನೋಡುತ್ತಾ ನಿಂತರು.

“ಏನ್ರೀ ಮೇಷ್ಟ್ರೇ, ಕಣಜಕ್ಕೆ ಕಾಫಿ ಕೊಡ್ತಿದೀರಾ?”

ನಡೆದದ್ದನ್ನೆಲ್ಲ ಹೇಳಿದೆ. ಅವರ ಮುಖದ ನಗು ಹೋಯಿತು. “ನನ್ನ ಕಥೆ ಸುಳ್ಳು, ಒಪ್ಪಿದೆ” ಎಂದರು. “ಆದ್ರೆ ನನ್ನ ಕಥೇಲಿ ಕೊನೇಗೆ ಹುಳಕ್ಕೆ ರೆಕ್ಕೆ ಬರ್ತಿತ್ತು ಕಣ್ರೀ. ನಿಮ್ಮ ನಿಜದಲ್ಲಿ ಅದಕ್ಕೆ ಏನು ಬಂತು?”

ಅವರು ನನ್ನ ಕೈಯಿಂದ ಲೋಟ ತೆಗೆದುಕೊಂಡು, ಪಂಚೆ ಎತ್ತಿ ಕುಕ್ಕರುಗಾಲಲ್ಲಿ ಕೂತು, ಒಂದೇ ಸಲಕ್ಕೆ ಕಣಜವನ್ನು ಮುಚ್ಚಿದರು. ಕೆಳಗೆ ರಟ್ಟು ತೂರಿಸಿ ನನಗೆ ಕೊಟ್ಟರು. “ಹೋಗಿ. ನಿಮ್ಮ ಕ್ಲಾಸು ನಾನು ನೋಡ್ಕೋತೀನಿ.”

ಸಾಕಮ್ಮನ ಚಾಪೆಯ ಪಕ್ಕ ಕೂತು ರಟ್ಟನ್ನು ಜರುಗಿಸಿ ನನ್ನ ತೋರುಬೆರಳನ್ನು ಲೋಟದೊಳಗೆ ಹಾಕಿದೆ. ಕಣಜ ಚುಚ್ಚಲೇ ಇಲ್ಲ. ಬೆರಳ ಮೇಲೆ ಹತ್ತಿ ಇಳಿದು ಓಡಾಡಿತು. ಅದಕ್ಕೆ ನನ್ನಿಂದ ಏನೂ ಬೇಕಿರಲಿಲ್ಲ. ಕಣ್ಣು ಮುಚ್ಚಿ ಅದನ್ನು ಗಾಜಿಗೆ ಒತ್ತಿ ಹಿಡಿದೆ. ಆಗ ಚುಚ್ಚಿತು. ನಾನು ಕೂಗಿದ್ದು ಕೇಳಿ ಮುನಿಯಪ್ಪ ಓಡಿಬಂದ.

“ನಿಮ್ಗೇನು ತಲೆ ಕೆಟ್ಟೈತಾ ಮೇಷ್ಟ್ರೇ!”

“ನೋಡು ಸಾಕಮ್ಮ” ಎಂದೆ. “ನನಗೂ ಚುಚ್ಚಿತು. ಅದೇ ಕಣಜ, ಅದೇ ಬೆರಳು. ನನಗೇನೂ ಆಗಲ್ಲ. ನಿನಗೂ ಆಗಲ್ಲ.”

ಅವಳು ಮೊದಲ ಸಲ ಕಣ್ಣು ತೆರೆದು ನನ್ನ ಬೆರಳನ್ನು ನೋಡಿದಳು. ಲೆಕ್ಕ ಹಾಕುತ್ತಿದ್ದಳು.

“ನಂದು ಇವತ್ತು ಒಂಬತ್ತು. ನಿಮ್ದು ಇವತ್ತು ಒಂದು” ಎಂದಳು. “ನಿಮ್ಮ ಹತ್ತು ಬರೋದು ನನ್ನ ಹತ್ತು ಆದ ಮ್ಯಾಲೆ ಅಲ್ವಾ ಸಾ. ನಂಗೆ ಹೆಂಗೆ ಗೊತ್ತಾಯ್ತದೆ?”

ರಾತ್ರಿಯೆಲ್ಲ ಯೋಚಿಸಿ ಹೂಡಿದ ಉಪಾಯ ಅಷ್ಟಕ್ಕೇ ಮುರಿದುಬಿತ್ತು. ಬೆರಳು ಉರಿಯುತ್ತಿತ್ತು. ನನಗೆ ತೋಚಿದ್ದು ಒಂದೇ. ಬುದ್ಧಿವಂತಿಕೆಯಿಂದಲ್ಲ, ದಿಕ್ಕು ತೋಚದೆ ಹೇಳಿದೆ. “ನಿನ್ನದು ನೀನು ಎಣಿಸಿಕೊಂಡೆ. ನನ್ನದು ಯಾರು ಎಣಿಸ್ತಾರೆ? ನನಗೆ ಕಣಜ ಅಂದ್ರೆ ಭಯ ಸಾಕಮ್ಮ. ಈಗ ನಾನು ಕೂಗಿದ್ದು ಕೇಳಿದೆಯಲ್ಲ. ನಾನೊಬ್ಬನೇ ಹತ್ತು ದಿನ ಎಣಿಸಲಾರೆ.”

ಅವಳು ನನ್ನ ಬೆರಳನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿ, “ಅಪ್ಪಾ, ಮೇಷ್ಟ್ರ ಬೆರಳಿಗೆ ಸುಣ್ಣ ಹಚ್ಚು” ಎಂದಳು. ಮುನಿಯಪ್ಪ ಸುಣ್ಣ ತಂದ. ಅದರ ಜೊತೆಗೆ ಒಂದು ಲೋಟ ಗಂಜಿಯನ್ನೂ ತಂದು ಅವಳ ಪಕ್ಕ ಇಟ್ಟ. ಅವಳು ಅದನ್ನು ಮುಟ್ಟಲಿಲ್ಲ. ನಾನು ಎದ್ದು ಹೊರಟು ಸೈಕಲ್ ಹಿಡಿದಾಗ ಒಳಗಿನಿಂದ ಮುನಿಯಪ್ಪ ಕೂಗಿದ, “ಮೇಷ್ಟ್ರೇ, ಎರಡು ಗುಟುಕು ಕುಡಿದ್ಲು!”

ಭಾನುವಾರ ಅವಳ ಹತ್ತನೇ ದಿನ. ಬೆಳಗ್ಗೆ ಎಂಟರಿಂದ ಅವರ ಜಗಲಿಯ ಮೇಲೆ ಅವಳ ಪಕ್ಕ ಕೂತಿದ್ದೆ. ಡೈರಿಯಲ್ಲಿ ಪ್ರತಿ ಗಂಟೆಗೂ ಒಂದು ಗೆರೆ ಇದೆ. ಹತ್ತು ಗಂಟೆಗೆ ಅವಳಿಗೆ ಬೆವರು ಕಿತ್ತುಕೊಂಡಿತು. ಮಧ್ಯಾಹ್ನ ಎರಡಕ್ಕೆ ಹೊಟ್ಟೆ ಹಿಡಿದುಕೊಂಡು, “ಅಲ್ಲಾಡ್ತಾ ಅದೆ ಸಾ, ಅಲ್ಲಾಡ್ತಾ ಅದೆ” ಎಂದು ಚೀರಿದಳು. ನಾಲ್ಕು ದಿನ ಖಾಲಿಯಿದ್ದ ಹೊಟ್ಟೆಯಲ್ಲಿ ಗಂಜಿ ಸದ್ದು ಮಾಡಿದ್ದು ಅದು. ಹಾಗೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನೂ ಹೆದರಿದೆ. ಅವಳ ಕೈ ನನ್ನ ಮಣಿಕಟ್ಟನ್ನು ಹಿಡಿದದ್ದು ಹೊತ್ತು ಮುಳುಗುವ ತನಕ ಬಿಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವಳು ಬೆರಳುಗಳನ್ನು ಒಂದೊಂದಾಗಿ ಬಿಚ್ಚಿ, ತನ್ನ ಕೈ, ಹೊಟ್ಟೆ, ಕಾಲು ಎಲ್ಲವನ್ನೂ ಮುಟ್ಟಿ ನೋಡಿಕೊಂಡಳು. “ಎಲ್ಲಾ ಅದೆ” ಎಂದಳು. ಅವಳಪ್ಪ ಗೋಡೆಯ ಕಡೆ ತಿರುಗಿ ನಿಂತು ಟವಲಿನಿಂದ ಮುಖ ಒರೆಸಿಕೊಂಡ.

ನನ್ನ ದಿನಗಳು ಉಳಿದಿದ್ದವು. ಗಂಜಿ, ಮುದ್ದೆ ಉಂಡು ಅವಳು ಮನೆಯಲ್ಲೇ ಚೇತರಿಸಿಕೊಳ್ಳುತ್ತಿದ್ದಳು. ಬೆಳಗಾದರೆ ಯಾರಾದರೊಬ್ಬ ಹುಡುಗ ಅಲ್ಲಿಂದ, “ಸಾ, ಸಾಕಮ್ಮ ಕೇಳ್ತಾಳೆ, ಬೆರಳು ಹೆಂಗದೆ ಅಂತೆ” ಎಂದು ಬರುತ್ತಿದ್ದ. ನಗುತ್ತಾ ಉತ್ತರ ಕಳಿಸುತ್ತಿದ್ದೆ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಐದನೇ ದಿನದ ಮೇಲೆ ನಾನೇ ಪಾಠದ ನಡುವೆ ಬೆರಳನ್ನು ಒತ್ತಿ ನೋಡಿಕೊಳ್ಳುತ್ತಿದ್ದೆ. ಏಳನೇ ದಿನ ಊಟ ಸೇರಲಿಲ್ಲ. ಪುಸ್ತಕ ಓದಿದ್ದ ನನ್ನ ಗತಿ ಇದಾದರೆ ಅವಳು ಆ ಎಂಟು ದಿನವನ್ನು ಒಬ್ಬಳೇ ಹೇಗೆ ಕಳೆದಳು ಎಂದು ಆಗ ಮೈಗೆ ಹತ್ತಿತು. ಆರನೇ ಕಾಲಂ ಮೊದಲ ಸಲ ಎಳೆದದ್ದು ಆ ಶುಕ್ರವಾರ.

ಒಂಬತ್ತನೇ ದಿನ ಭಾನುವಾರ ಬಂತು. ಜಯನಗರದ ಕೋಣೆಯಲ್ಲಿ ಬಟ್ಟೆ ಒಗೆದು ಹರವುತ್ತಿದ್ದೆ. ಗೇಟಿನಲ್ಲಿ ಮುನಿಯಪ್ಪ ನಿಂತಿದ್ದ, ತಲೆಗೆ ಟವಲ್, ಕಾಲೆಲ್ಲ ಧೂಳು. ಹಿಂದೆ ಸಾಕಮ್ಮ.

“ಬಸ್ಸಿಗೆ ಕಾಯೋಣ ಅಂದೆ, ಕೇಳ್ಲಿಲ್ಲ” ಎಂದ. “ಭಾನುವಾರ ಇಸ್ಕೂಲಿಲ್ಲ, ಇವತ್ತಿನ ಎಣಿಕೆ ತಪ್ಪೋಯ್ತದೆ ಅಂತ ಕೋಳಿ ಕೂಗೋ ಹೊತ್ತಿಗೇ ಎಬ್ಸವಳೆ. ಪೂರಾ ನಡ್ಕೊಂಡೇ ಬಂದ್ಲು.”

ಮೆಟ್ಟಿಲ ಮೇಲೆ ಕೂರಿಸಿ ಉಪ್ಪಿಟ್ಟು ಕೊಟ್ಟೆ. ತಟ್ಟೆ ಖಾಲಿ ಮಾಡಿ ಇನ್ನೊಂದು ಸಲ ಹಾಕಿಸಿಕೊಂಡಳು. ಕೈ ತೊಳೆದು ಬಂದು ನನ್ನ ಬೆರಳನ್ನು ಹಿಡಿದು, ಬೆಳಕಿಗೆ ತಿರುಗಿಸಿ, ಉಗುರಿನ ಪಕ್ಕ ಒತ್ತಿದಳು.

“ನೋವು?”

“ಇಲ್ಲ.”

“ಜೋಮು?”

“ಇಲ್ಲ.”

“ಭಯ?”

ಮೇಷ್ಟ್ರಾಗಿ ಹೇಳಬೇಕಾದ ಉತ್ತರ ನನಗೆ ಗೊತ್ತಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಇದೆ” ಎಂದೆ.

ಅವಳು ತಲೆಯಾಡಿಸಿ, ಸರಿಯಾದ ಉತ್ತರ ಸಿಕ್ಕಿದವಳಂತೆ, ನನ್ನ ಬೆರಳನ್ನು ಮೆಲ್ಲಗೆ ಮಡಿಚಿದಳು.

“ನಾಳೆ ಒಂದಿನ ಅಷ್ಟೆ ಸಾ” ಎಂದಳು. “ನಾಳೆ ಇಸ್ಕೂಲಿಗೆ ಬರ್ತೀನಿ. ನಿಮ್ಮ ಕೈ ಹಿಡ್ಕೊಂಡು ಕೂತಿರ್ತೀನಿ.”